ಚರ್ಮವೈದ್ಯೆಗೆ ಕೇಳಿ: ತೊನ್ನಿಗೆ ಟ್ಯಾನಿಂಗ್ ಬೆಡ್ಡು ಆಗುತ್ತಾ?

ಮ್ಯೂನಿಕ್ ಸದಸ್ಯೆ: ಮೇಡಂ, ತಮ್ಮನಿಗೆ ಮೊಣಕಾಲು, ಮುಂಗೈ ಮೇಲೆ ತೊನ್ನು. ಊರಿಂದ ಬಾವಂಚಿ ಎಣ್ಣೆ ತರಿಸಿ ಹಚ್ಚುತ್ತಾನೆ. ಇಲ್ಲಿ ಈಗ ಬಿಸಿಲೇ ಇಲ್ಲ ಅಂತ ನಿನ್ನೆ ಸಂಜೆ ಎಣ್ಣೆ ಹಚ್ಚಿಕೊಂಡೇ ಸೊಲಾರಿಯಂನಲ್ಲಿ, ಅಂದರೆ ಮೈ ಕಂದಾಗಿಸಲು ಯುವಿ ದೀಪದ ಕೆಳಗೆ ಮಲಗಿಸುವ ಟ್ಯಾನಿಂಗ್ ಬೆಡ್ಡಿನಲ್ಲಿ, 10 ನಿಮಿಷ ಮಲಗಿ ಬಂದ. ಇವತ್ತು ಸ್ವಲ್ಪ ಉರಿ, ಕೆಂಪೇನೂ ಇಲ್ಲ. ವಾರಕ್ಕೆ ಎಷ್ಟು ಸಲ ಹೋಗಬಹುದು?

ವೈದ್ಯೆ: ಇನ್ನೊಂದು ಸಲವೂ ಬೇಡ. ಉಳಿದವರು ಸ್ವಲ್ಪ ತಡೆಯಿರಿ, ಇದನ್ನು ಮೊದಲು ಮುಗಿಸುತ್ತೇನೆ.

ಇನ್ನೂ ಕೆಂಪಾಗಿಲ್ಲ ಅಂತ ಸಮಾಧಾನ ಪಡಬೇಡಿ. ಬರೀ ಬಿಸಿಲಿಗೆ ಸುಟ್ಟರೆ 12ರಿಂದ 24 ಗಂಟೆಯೊಳಗೆ ಪೂರ್ತಿ ಕಾಣುತ್ತದೆ. ಬಾವಂಚಿಯಲ್ಲಿರುವ ಸೋರಲೆನ್ ಅನ್ನುವ ರಾಸಾಯನಿಕ ಸೇರಿ ಸುಟ್ಟದ್ದು ಏರುವುದೇ 48ರಿಂದ 72 ಗಂಟೆಗೆ. ಅಂದರೆ ನಾಳೆ, ನಾಡಿದ್ದು. ಸೋರಲೆನ್ ಡಿಎನ್ಎ ಎಳೆಗಳ ನಡುವೆ ಹೋಗಿ ಕೂರುತ್ತದೆ, ಮೇಲೆ ಯುವಿಎ (ನೇರಳಾತೀತ ಕಿರಣದ ಒಂದು ಬಗೆ) ಬಿದ್ದರೆ ಎರಡೂ ಎಳೆಗಳನ್ನು ಸೇರಿಸಿ ಹೊಲಿದುಬಿಡುತ್ತದೆ. ಸೊಲಾರಿಯಂ ಬೆಳಕಿನಲ್ಲಿ ಬಹುಪಾಲು ಇರುವುದೇ ಯುವಿಎ, ತರಂಗಾಂತರ 315ರಿಂದ 400 ನ್ಯಾನೊಮೀಟರ್. ಚದರ ಸೆಂಟಿಮೀಟರಿಗೆ 15 ಮಿಲಿವ್ಯಾಟ್ ಅಂತ ಹಿಡಿದರೂ 10 ನಿಮಿಷಕ್ಕೆ 9 ಜೂಲ್ ಆಯಿತು. ಸೋರಲೆನ್ ಹಚ್ಚಿ ಬೆಳಕು ಕೊಡುವಾಗ ನಾವು ಶುರು ಮಾಡುವುದು ಕಾಲು ಜೂಲಿನಿಂದ. ಅದೂ ಎಷ್ಟು ಸೋರಲೆನ್ ಇದೆ ಅಂತ ಗೊತ್ತಿರುವ ಲೋಷನ್ನಿಗೆ. ನಿಮ್ಮ ಬಾಟಲಿಯಲ್ಲಿ ಎಷ್ಟಿದೆಯೋ ಯಾರಿಗೂ ಗೊತ್ತಿಲ್ಲ.

ಈಗಲೇ ಸೋಪು ಹಾಕಿ ತೊಳೆಯಲಿ. ಮೂರು ದಿನ ಉದ್ದ ತೋಳಿನ ದಪ್ಪ ಬಟ್ಟೆ. ಕಿಟಕಿ ಪಕ್ಕ ಕೂರುವುದೂ ಬೇಡ. ಗಾಜು ನೇರಳಾತೀತದ ಇನ್ನೊಂದು ಬಗೆಯಾದ ಯುವಿಬಿಯನ್ನು ತಡೆಯುತ್ತದೆ, ಯುವಿಎ ಒಳಗೆ ಬರುತ್ತದೆ. ತಣ್ಣೀರಿನ ಬಟ್ಟೆ ಹಾಕಿ, ಐಸ್ ಬೇಡ. ಗುಳ್ಳೆ ಎದ್ದರೆ ಒಡೆಯಬೇಡಿ. ಜ್ವರ ಬಂದರೆ, ಕಣ್ಣು ಉರಿದರೆ, ಗುಳ್ಳೆ ಅಂಗೈಯಗಲ ದಾಟಿದರೆ ಆಸ್ಪತ್ರೆಗೆ ಹೊರಡಿ, ನನ್ನ ಉತ್ತರಕ್ಕೆ ಕಾಯಬೇಡಿ. ಎರಡು ಪ್ರಶ್ನೆ: ಒಳಗೆ ಕನ್ನಡಕ ಹಾಕಿದ್ದನಾ? ಡಾಕ್ಸಿಸೈಕ್ಲಿನ್ ಥರದ ಮಾತ್ರೆ ಏನಾದರೂ ನಡೆಯುತ್ತಿದೆಯಾ?

ಹಾಸನ ಸದಸ್ಯ: ಮೇಡಂ, ಸೊಲಾರಿಯಂನಲ್ಲಿ ವಿಟಮಿನ್ ಡಿ ಸಿಗುತ್ತಾ? ಮಗಳು ಲಂಡನ್ನಿನಲ್ಲಿದ್ದಾಳೆ.

ವೈದ್ಯೆ: ಡಿ ಆಗುವುದು ಯುವಿಬಿಯಿಂದ. ಅದಕ್ಕಾಗಿ ಅಲ್ಲಿ ಮಲಗುವುದು ಬೇಡ, ಮಾತ್ರೆ ಅಗ್ಗ.

ಸಿರಸಿ ಸದಸ್ಯ: (ಫಾರ್ವರ್ಡ್) ಬಾವಂಚಿ ಬೀಜ ಗೋಮೂತ್ರದಲ್ಲಿ 7 ದಿನ ನೆನೆಸಿ ಅರೆದು ಹಚ್ಚಿ, 11 ಗಂಟೆಯ ಬಿಸಿಲಿಗೆ ಅರ್ಧ ಗಂಟೆ. 21 ದಿನದಲ್ಲಿ ತೊನ್ನು ಮಾಯ. ಹತ್ತು ಜನರಿಗೆ ಕಳಿಸಿ.

ವೈದ್ಯೆ: ಹತ್ತು ಜನರಿಗೆ ಕಳಿಸಿದರೆ ಅರ್ಧ ಜನಕ್ಕೆ ಗುಳ್ಳೆ ಬರುತ್ತದೆ. ಮೇಲಿನ ಕೇಸು ಓದಿದಿರಾ? ಚರ್ಮ ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಏಳುತ್ತದೆ, ತೊನ್ನಿನ ಸ್ವಭಾವವೇ ಅದು. ಅಳಿಸಿ.

ಸಿರಸಿ ಸದಸ್ಯ: ಸೋರಲೆನ್ ನಿಮ್ಮವರು ತೆಗೆದದ್ದೂ ಗಿಡದಿಂದಲೇ ಅಲ್ಲವೇ? ನಮ್ಮ ಅಜ್ಜಂದಿರು ಮಾಡಿದರೆ ಮಾತ್ರ ತಪ್ಪು.

ಧಾರವಾಡ ಸದಸ್ಯೆ: ಅಜ್ಜಾರು ಸೊಲಾರಿಯಂದಾಗ ಮಲಗಿದ್ರೇನ್ರಿ? 21 ದಿನದಾಗ ಯಾರಿಗೆ ಹೋಗೇತಿ, ಒಬ್ಬರನ್ನ ತೋರಸ್ರಿ.

ಸಿರಸಿ ಸದಸ್ಯ: ಮೀನು ತಿಂದು ಹಾಲು ಕುಡಿಯುವವರಿಗೆ ಯಾವ ಔಷಧಿಯೂ ಹತ್ತುವುದಿಲ್ಲ ಬಿಡಿ.

ಧಾರವಾಡ ಸದಸ್ಯೆ: ಮೀನು ಮುಟ್ಟದವ್ರ ಮನ್ಯಾಗೂ ತೊನ್ನು ಐತಿ. ಸುಮ್ನಿರ್ರಿ.

ವೈದ್ಯೆ: ಗಿಡದಿಂದಲೇ ಬಂದದ್ದು, ಒಪ್ಪಿದೆ. 1940ರ ದಶಕದಲ್ಲಿ ಈಜಿಪ್ಟಿನ ಚರ್ಮವೈದ್ಯ ಎಲ್ ಮೊಫ್ತಿ ನೈಲ್ ಬಯಲಿನ ಒಂದು ಗಿಡದ ಸೋರಲೆನ್ನನ್ನೇ ತೊನ್ನಿಗೆ ಬಳಸಿದರು. ಗಿಡದ್ದು ಅಂದ ಮಾತ್ರಕ್ಕೆ ಮೆತ್ತಗಿರುವುದಿಲ್ಲ. ಸ್ವೀಡನ್ನಿನಲ್ಲಿ ಸೆಲರಿ ಗಡ್ಡೆ ತುಂಬ ತಿಂದು ಟ್ಯಾನಿಂಗ್ ಬೆಡ್ಡಿನಲ್ಲಿ ಮಲಗಿದ ಹೆಂಗಸಿಗೆ ಮೈಯೆಲ್ಲ ಸುಟ್ಟದ್ದು 1990ರಲ್ಲಿ ವರದಿಯಾಗಿದೆ. ಅದರಲ್ಲಿ ಇದ್ದದ್ದೂ ಸೋರಲೆನ್ನೇ. ಮೀನು-ಹಾಲು ಸುಳ್ಳು. ಈ ಜಗಳ ಇಲ್ಲಿಗೆ ಸಾಕು.

ದಾವಣಗೆರೆ ಸದಸ್ಯ: ನಮಗೆ ಮನೆಯಲ್ಲೇ 311 ನ್ಯಾನೊಮೀಟರಿನ ಯುವಿ ಕೈಲ್ಯಾಂಪ್ ಹಿಡಿಯಲು ಬರೆದುಕೊಟ್ಟಿದ್ದಾರೆ. ಎಷ್ಟು ಸೆಕೆಂಡು ಅಂತ ಗೊಂದಲ. ಮಧ್ಯೆ 10 ದಿನ ತಪ್ಪಿತು.

ವೈದ್ಯೆ: ಒಳ್ಳೆಯ ಪ್ರಶ್ನೆ. ನ್ಯಾರೋಬ್ಯಾಂಡ್ ಯುವಿಬಿ ಅಂದರೆ ಇದೇ. ಟ್ಯಾನಿಂಗ್ ಬೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಡೋಸನ್ನು ಲ್ಯಾಂಪಿನ ಶಕ್ತಿಯಿಂದ ಭಾಗಿಸಿ. ಸಾಮಾನ್ಯವಾಗಿ ಶುರು 200 ಮಿಲಿಜೂಲ್. ಲ್ಯಾಂಪ್ 2 ಮಿಲಿವ್ಯಾಟ್ ಕೊಟ್ಟರೆ 100 ಸೆಕೆಂಡು, 4 ಕೊಟ್ಟರೆ 50. ಈ ಅಂಕಿ ಹೇಳಿದ ದೂರಕ್ಕೆ ಮಾತ್ರ ಸರಿ, ಆದ್ದರಿಂದ ಜೊತೆಗೆ ಬಂದ ಅಂತರದ ಬಾಚಣಿಗೆ ಕಳಚಬೇಡಿ. ವಾರಕ್ಕೆ 2-3 ಸಲ, ದಿನ ಬಿಟ್ಟು ದಿನ, ಪ್ರತಿ ಸಲ ಶೇ. 10ರಿಂದ 20 ಏರಿಕೆ. ಮಚ್ಚೆ ತೆಳು ಗುಲಾಬಿಯಾಗಿ 24 ಗಂಟೆಯೊಳಗೆ ಇಳಿದರೆ ಅದೇ ಡೋಸ್ ಮುಂದುವರಿಸಿ. ಕೆಂಪು ಅದಕ್ಕೂ ಮೀರಿ ಉಳಿದರೆ ಪೂರ್ತಿ ಇಳಿಯುವ ತನಕ ನಿಲ್ಲಿಸಿ. 8ರಿಂದ 14 ದಿನ ತಪ್ಪಿದರೆ ಕಾಲುಭಾಗ ಕಡಿಮೆ ಮಾಡಿ, ನಿಮ್ಮದು ಇದೇ. 15ರಿಂದ 21 ದಿನವಾದರೆ ಅರ್ಧ. ಮೂರು ವಾರ ದಾಟಿದರೆ ಮತ್ತೆ ಮೊದಲಿನಿಂದ. ನಿಮ್ಮ ವೈದ್ಯರ ಚೀಟಿಯಲ್ಲಿ ಬೇರೆ ಇದ್ದರೆ ಅದೇ ನಡೆಯಲಿ. ಬಣ್ಣ ಕೂದಲ ಬುಡದಿಂದ ಚುಕ್ಕಿಚುಕ್ಕಿಯಾಗಿ ಹೊರಡುತ್ತದೆ, ಅದಕ್ಕೇ ಮುಖ ಬೇಗ ಕೇಳುತ್ತದೆ, ಬೆರಳ ತುದಿ, ತುಟಿ ಕೇಳುವುದೇ ಕಷ್ಟ. ಮೂರು ತಿಂಗಳಿಗೆ ಮುಂಚೆ ಲೆಕ್ಕ ಹಾಕಬೇಡಿ.

ಮೈಸೂರು ಸದಸ್ಯ: ಆನ್‌ಲೈನಿನಲ್ಲಿ ಯುವಿ ಟಾರ್ಚ್ 600 ರೂಪಾಯಿಗಿದೆ, 365 ಅಂತ ಬರೆದಿದೆ. ಅದೇ ಆಗಲ್ವಾ?

ವೈದ್ಯೆ: ಅದು ಕತ್ತಲಲ್ಲಿ ಮಚ್ಚೆಯ ಅಂಚು ನೋಡಲು, ವಾಸಿ ಮಾಡಲು ಅಲ್ಲ. 254 ಅಂತ ಬರೆದದ್ದಾದರೆ ಮನೆಗೇ ತರಬೇಡಿ. ಅದು ಕ್ರಿಮಿ ಕೊಲ್ಲುವ ಯುವಿಸಿ, ಕಣ್ಣು ಸುಡುತ್ತದೆ.

ತುಮಕೂರು ಸದಸ್ಯೆ: ಮಗಳ ಮದುವೆ ಮಾತುಕತೆ ನಡೆಯುತ್ತಿದೆ. ತೊನ್ನು ಮಕ್ಕಳಿಗೂ ಬರುತ್ತಾ ಮೇಡಂ? ದಯವಿಟ್ಟು ಹೇಳಿ.

ಬೆಂಗಳೂರು ಸದಸ್ಯ: ಟ್ಯಾನಿಂಗ್ ಬೆಡ್ಡಿನಿಂದ ಕ್ಯಾನ್ಸರ್ ಅನ್ನುವುದು ಸನ್‌ಸ್ಕ್ರೀನ್ ಕಂಪನಿಗಳ ಹುನ್ನಾರ.

ವೈದ್ಯೆ: 2009ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅವನ್ನು ತಂಬಾಕಿನ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಒಂದನೇ ಗುಂಪಿಗೆ ಸೇರಿಸಿದೆ. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು, ಜರ್ಮನಿ 18ರೊಳಗಿನವರಿಗೆ ಬಾಗಿಲು ಮುಚ್ಚಿತು. ಯುವಿಎ ಚರ್ಮದಲ್ಲಿ ಆಗಲೇ ಇರುವ ಬಣ್ಣವನ್ನು ಕಪ್ಪಾಗಿಸುತ್ತದೆ, ಅಷ್ಟೇ. ತೊನ್ನಿದ್ದವರಿಗೆ ಸುತ್ತಲಿನ ಚರ್ಮ ಕಪ್ಪಾಗಿ ಮಚ್ಚೆ ಇನ್ನೂ ಎದ್ದು ಕಾಣುತ್ತದೆ.

ಬೆಂಗಳೂರು ಸದಸ್ಯ: ಎಲ್ಲಾ ವೈದ್ಯರೂ ಹೀಗೇ ಹೇಳೋದು.

ವೈದ್ಯೆ: ಹೌದು. ಯಾಕೆ ಅಂತ ಯೋಚಿಸಿ.

ಕೋಲಾರ ಸದಸ್ಯೆ: ಮೇಡಂ ಸೊಲಾರಿಯಂನಲ್ಲಿ ವಿಟಮಿನ್ ಡಿ ಬರುತ್ತಾ?

ವೈದ್ಯೆ: ಮೇಲೆ ಓದಿ. ಮ್ಯೂನಿಕ್ಕಿನವರೇ, ನನ್ನ ಎರಡು ಪ್ರಶ್ನೆಗೆ ಇನ್ನೂ ಉತ್ತರ ಇಲ್ಲ.

ಮ್ಯೂನಿಕ್ ಸದಸ್ಯೆ: ಕನ್ನಡಕ ಹಾಕಿದ್ದ. ಮೊಡವೆಗೆ ಡಾಕ್ಸಿಸೈಕ್ಲಿನ್ ತಗೊಳ್ತಿದ್ದಾನಂತೆ, ಎರಡು ವಾರದಿಂದ. ಈಗ ಮೊಣಕಾಲು ಕೆಂಪಾಗಿದೆ, ಮುಂಗೈಯಲ್ಲಿ ಎರಡು ಗುಳ್ಳೆ.

ವೈದ್ಯೆ: ಡಾಕ್ಸಿಸೈಕ್ಲಿನ್ ಯುವಿಎಗೆ ಚರ್ಮವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಹಾಗಾಗಿ ಗುಳ್ಳೆ ದೊಡ್ಡದಾಗುವ ತನಕ ಕಾಯಬೇಡಿ, ಇವತ್ತೇ ತೋರಿಸಿ. ಎಣ್ಣೆಯ ಬಾಟಲಿ, ಮಾತ್ರೆಯ ಡಬ್ಬಿ ಎರಡನ್ನೂ ಹಿಡಿದುಕೊಂಡು ಹೋಗಿ. ಸೋರಲೆನ್ ಅನ್ನುವ ಪದ ಹೇಳಿ, ಬಾವಂಚಿ ಅಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

ಗದಗ ಸದಸ್ಯ: ಬಾವಂಚಿ ಎಣ್ಣಿ ಯಾವ ಕಂಪನೀದು ಚಲೋ ರೀ?