ಹೊಳೆಬದಿಯ ಚರಿತ್ರೆ ನಡಿಗೆ: ಬತ್ತೇರಿಯಿಂದಲೋ, ಬಂದರಿನಿಂದಲೋ?

ಪ್ರಶ್ನೆ (ಶಿಕ್ಷಕಿ, ಕದ್ರಿ)
ಮಾನ್ಯರೇ, ಒಂಬತ್ತನೆಯ ತರಗತಿಯ ಇಪ್ಪತ್ತು ಮಕ್ಕಳನ್ನು ಬರುವ ಭಾನುವಾರ ಮಂಗಳೂರಿನ ಗುರುಪುರ ಹೊಳೆಯ ದಡದಲ್ಲಿ ನಡೆಸಿಕೊಂಡು ಹೋಗಿ, ಪೋರ್ಚುಗೀಸರು ಬಂದಂದಿನಿಂದ ಈಸ್ಟ್ ಇಂಡಿಯಾ ಕುಂಪಣಿಯ ಆಳ್ವಿಕೆ ನೆಲೆಗೊಳ್ಳುವವರೆಗಿನ ಚರಿತ್ರೆಯನ್ನು ಆಯಾ ಜಾಗದಲ್ಲೇ ನಿಂತು ಹೇಳಬೇಕೆಂದಿದ್ದೇನೆ. ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಗೋಪುರವಾದ ಸುಲ್ತಾನ್ ಬತ್ತೇರಿಯಿಂದ ಹೊರಟು ಬಂದರಿನಲ್ಲಿ ಮುಗಿಸುವ ಯೋಚನೆಯಿದೆ. ಆದರೆ ಬತ್ತೇರಿ 1784ರದ್ದು, ಪೋರ್ಚುಗೀಸರು ಬಂದದ್ದು ಅದಕ್ಕಿಂತ ಬಹಳ ಹಿಂದೆ. ಕಾಲಕ್ರಮ ತಪ್ಪದಂತೆ ಹೇಗೆ ಹೇಳಲಿ?

ಉತ್ತರ 1 (ಬೋಳಾರ)
ಮೇಡಂ, ದಾರಿಯನ್ನು ತಿರುಗಿಸಿಬಿಡಿ, ಬಂದರಿನಿಂದಲೇ ಹೊರಡಿ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಒಂದೇ ಅಳಿವೆಯಲ್ಲಿ ಕಡಲು ಸೇರುವುದನ್ನು ಮಕ್ಕಳು ಮೊದಲು ತಿಳಿಯಬೇಕು, ಏಕೆಂದರೆ ಪರದೇಶದವರು ಕಣ್ಣಿಟ್ಟದ್ದು ಈ ಬಾಗಿಲಿನ ಮೇಲೆಯೇ. ಗೋವೆಯ ಪೋರ್ಚುಗೀಸರಿಗೆ ನಮ್ಮ ಕರಾವಳಿಯ ಅಕ್ಕಿ ಬೇಕಿತ್ತು, ಆ ಅಕ್ಕಿ ಗದ್ದೆಗಳಿಂದ ದೋಣಿಗಳಲ್ಲಿ ಹೊಳೆಯ ಮೇಲೆಯೇ ಇಳಿದು ಬರುತ್ತಿತ್ತು. 1568ರಲ್ಲಿ ಅವರು ಇಲ್ಲಿ ಕೋಟೆ ಕಟ್ಟಿದರು. ಹೊಳೆಯಾಚೆಯ ಉಳ್ಳಾಲದ ಚೌಟ ವಂಶದ ಅರಸಿ ಅಬ್ಬಕ್ಕ ಅವರಿಗೆ ಎದುರು ನಿಂತದ್ದು ಆ ಕಾಲದಲ್ಲೇ. ದೋಣಿಗಳು ನಿಲ್ಲುವ ದಕ್ಕೆಯ ಹತ್ತಿರ ಇಂದಿಗೂ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಸರಕು ದೋಣಿಗಳಿಗೆ, ಸಾಮಾನು ಹೇರುತ್ತಾರೆ. ಹೊತ್ತು ತರುವವರ ಸಾಲನ್ನು ಮಕ್ಕಳು ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಲಿ. ಹಳೆಯ ವ್ಯಾಪಾರದ ಅಂದಾಜು ಅದರಿಂದ ಸಿಗುತ್ತದೆ. ರೊಜಾರಿಯೊ ಚರ್ಚಿನ ಮೂಲ 1568ರದ್ದಾದರೂ ಈಗಿನ ಕಟ್ಟಡ ಇಪ್ಪತ್ತನೆಯ ಶತಮಾನದ್ದೆಂಬುದನ್ನು ಮರೆಯದೆ ಹೇಳಿ.

ಉತ್ತರ 2 (ಬೋಳೂರು)
ಮೇಲಿನವರ ಮಾತು ಸರಿ, ಬತ್ತೇರಿ ಕೊನೆಗೇ ಇರಲಿ. ಮೆಟ್ಟಿಲು ಹತ್ತಿಸಿ, ಗೋಡೆಯ ಕೋವಿ ಕಿಂಡಿಗೆ ಒಬ್ಬೊಬ್ಬರಾಗಿ ಕಣ್ಣಿಡಲು ಹೇಳಿ. ಕರಿಗಲ್ಲಿನ ನಡುವೆ ಹೊಳೆಯ ಒಂದು ತುಂಡು ಮಾತ್ರ ಕಾಣುತ್ತದೆ, ಒಳನುಗ್ಗುವ ಹಡಗು ಅಲ್ಲೇ ಹಾದುಹೋಗಬೇಕು. ಕುಂಪಣಿಯವರು 1783ರಲ್ಲಿ ಹಿಡಿದಿದ್ದ ಮಂಗಳೂರು ದೀರ್ಘ ಮುತ್ತಿಗೆಯ ಬಳಿಕ ಟಿಪ್ಪುವಿನ ಕೈಗೆ ಮರಳಿತು. 1784ರ ಮಾರ್ಚ್ 11ರಂದು ಇಬ್ಬರ ನಡುವೆ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಟಿಪ್ಪು ಕೆನರಾದ, ಅಂದರೆ ಈ ಕರಾವಳಿಯ, ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದನ್ನೂ ಮುಚ್ಚಿಡಬೇಡಿ. ನಮ್ಮೂರಿನ ಅನೇಕ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರಾಗಿ ಬಂದರು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಏಳು ಗಂಟೆಗೆ ದಕ್ಕೆಯಲ್ಲಿ ಸೇರುತ್ತೇವೆ. ಬತ್ತೇರಿ ನೋಡಿದ ಮೇಲೆ ಕಡವು ದೋಣಿಯಲ್ಲಿ ತಣ್ಣೀರುಬಾವಿಗೆ ದಾಟುತ್ತೇವೆ. ಬತ್ತೇರಿ ಹೊಳೆಯ ನಡುವಿನಿಂದ ಹೇಗೆ ಕಾಣುತ್ತದೆಂಬುದನ್ನೂ ಮಕ್ಕಳು ನೋಡಲಿ.