ಅಪ್‌ಡೇಟ್: ಗೂಸ್‌ನೆಕ್ ಟ್ರೇಲರ್ ಕೊನೆಗೂ ಆರಿಸಿದೆ

ಕಾರು, ಮಿನಿ ಎಕ್ಸ್‌ಕವೇಟರ್ ಎರಡನ್ನೂ ಸಾಗಿಸಲು ಯಾವ ಗೂಸ್‌ನೆಕ್ ಟ್ರೇಲರ್ (ಬಾಗಿದ ಕತ್ತನ್ನು ಪಿಕಪ್‌ನ ಹಿಂದಿನ ಸರಕು ತೊಟ್ಟಿಯೊಳಗೆ ಜೋಡಿಸುವ ಟ್ರೇಲರ್) ಒಳ್ಳೆಯದು ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ ಡೆಕ್‌ಓವರ್ ಮಾದರಿಯನ್ನೇ ಆರಿಸಿದೆ. ಡೆಕ್ (ಹೊರೆ ಇಡುವ ಹಾಸು) ಚಕ್ರಗಳ ಮೇಲಿರುವುದರಿಂದ ಪೂರ್ತಿ ಅಗಲ ಸಿಗುತ್ತದೆ. ಎತ್ತರ ಜಾಸ್ತಿ, ಹಾಗಾಗಿ ತಗ್ಗು ಕಾರಿನ ತಳ ತಾಗದಂತೆ ಉದ್ದನೆಯ ರ‍್ಯಾಂಪ್ ಬೇಕೇ ಬೇಕು.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಪಿನ್ ತೂಕಕ್ಕೆ, ಅಂದರೆ ಟ್ರೇಲರ್ ಜೋಡಿಸಿದ ಜಾಗದಲ್ಲಿ ಪಿಕಪ್ ಮೇಲೆ ಬೀಳುವ ಭಾರಕ್ಕೆ. ಟ್ರೇಲರ್, ಹೊರೆ ಸೇರಿದ ತೂಕದಲ್ಲಿ ಸುಮಾರು ಶೇ. 20ರಿಂದ 25ರಷ್ಟು ಪಿಕಪ್ ಮೇಲೆಯೇ ಕೂರುತ್ತದೆ. ಒಟ್ಟು 8,000 ಕೆಜಿ ಆದರೆ 1,600ರಿಂದ 2,000 ಕೆಜಿ! ಎಳೆಯುವ ಶಕ್ತಿ ಇನ್ನೂ ಇರುವಾಗಲೇ ಪೇಲೋಡ್ (ಪಿಕಪ್ ತನ್ನ ಮೇಲೆ ಹೊರಬಲ್ಲ ತೂಕದ ಮಿತಿ) ಮುಗಿದುಹೋಗುತ್ತದೆ. ಅದಕ್ಕೇ ಹಿಂದೆ ಜೋಡಿ ಟೈರ್ ಇರುವ ಪಿಕಪ್ಪನ್ನೇ ನೋಡಿದೆ.

ಎಕ್ಸ್‌ಕವೇಟರ್‌ನ ನಾಲ್ಕೂ ಮೂಲೆಗೆ ಚೈನ್ ಬಿಗಿದು, ಬೂಮ್‌ಗೆ (ಅಗೆಯುವ ತೋಳಿಗೆ) ಬೇರೆಯದೇ ಚೈನ್ ಹಾಕುತ್ತೇನೆ. ಬಾಕಿ ಇರುವುದು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಮಾತ್ರ. ಸ್ಟಾರ್ಟ್ ಆಗದ ಗಾಡಿ ಹತ್ತಿಸಲು ಅದು ಬೇಕಾಗುತ್ತದೆ ಅಲ್ವಾ?