ಬೇರೆ ರಾಜ್ಯಕ್ಕೆ ಹೋಗುವಾಗ ಎಲ್ಲಿ ನೆಲೆಸಬೇಕು? ಚಿಕ್ಕ ಮಕ್ಕಳಿರುವ ಮನೆಯವರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಹೈದರಾಬಾದ್, ಪುಣೆ, ಚೆನ್ನೈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಕಂಪನಿಯವರು ಹೇಳಿದ್ದಾರೆ. ಮಗಳು ರಾಜ್ಯ ಪಠ್ಯಕ್ರಮದಲ್ಲಿ ನಾಲ್ಕನೇ ತರಗತಿ ಮುಗಿಸುತ್ತಿದ್ದಾಳೆ. ಮಗನಿಗೆ ಜೂನ್‌ಗೆ ಐದೂವರೆ ವರ್ಷ, ಯುಕೆಜಿ ಮುಗಿದಿರುತ್ತದೆ. ಬಾಡಿಗೆ, ಆಫೀಸಿನ ದೂರ ಎಲ್ಲ ಪಟ್ಟಿ ಮಾಡಿಯೂ ತೀರ್ಮಾನಕ್ಕೆ ಬರಲಾಗುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ (ಸ್ಥಳಾಂತರ ಸಲಹೆಗಾರರು): ಬಾಡಿಗೆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಮಕ್ಕಳ ತರಗತಿ ನೋಡಿ ಊರು, ಆಮೇಲೆ ಶಾಲೆ ನೋಡಿ ಬಡಾವಣೆ, ಕೊನೆಗೆ ಮನೆ. ಹೆಚ್ಚಿನವರು ಮೊದಲೇ ಮನೆಗೆ ಮುಂಗಡ ಕೊಟ್ಟುಬಿಡುತ್ತಾರೆ. ಆಮೇಲೆ ಸೀಟು ಸಿಗುವ ಶಾಲೆ ಊರಿನ ಇನ್ನೊಂದು ತುದಿಯಲ್ಲಿರುತ್ತದೆ.

ನಿಮ್ಮ ಮಗನ ವಯಸ್ಸೇ ಇಲ್ಲಿ ದೊಡ್ಡ ವಿಷಯ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬುದು ಕೇಂದ್ರದ ನಿಲುವು, ಆದರೆ ಯಾವ ದಿನಾಂಕಕ್ಕೆ ತುಂಬಿರಬೇಕು ಎಂಬುದು ಒಂದೊಂದು ಕಡೆ ಒಂದೊಂದು ಥರ. ಕೇಂದ್ರೀಯ ವಿದ್ಯಾಲಯದಲ್ಲಿ ಮಾರ್ಚ್ 31. ಮಹಾರಾಷ್ಟ್ರದಲ್ಲಿ ಡಿಸೆಂಬರ್ 31. ಜೂನ್‌ಗೆ ಐದೂವರೆ ಆದವನಿಗೆ ಡಿಸೆಂಬರ್ ಹೊತ್ತಿಗೆ ಆರು ತುಂಬುತ್ತದೆ, ಹಾಗಾಗಿ ಪುಣೆಯಲ್ಲಿ ಒಂದನೇ ತರಗತಿಗೆ ಸೇರಬಹುದು. ಮಾರ್ಚ್ 31ರ ಲೆಕ್ಕ ಹಿಡಿಯುವ ಕೇಂದ್ರ ಪಠ್ಯಕ್ರಮದ (ಸಿಬಿಎಸ್‌ಇಯಂಥ) ಶಾಲೆಗಳಲ್ಲಿ ಅದೇ ಮಗು ಇನ್ನೊಂದು ವರ್ಷ ಯುಕೆಜಿಯಲ್ಲಿ ಕೂರಬೇಕು. ಒಂದು ವರ್ಷ ನಿಂತರೆ ಮಗುವಿಗೆ ನಷ್ಟವೇನಿಲ್ಲ, ಎಷ್ಟೋ ಮಕ್ಕಳಿಗೆ ಅದೇ ಒಳ್ಳೆಯದು. ಆದರೆ ಸಾಮಾನು ಲಾರಿ ಹತ್ತಿದ ಮೇಲೆ ಇದು ಗೊತ್ತಾಗಬಾರದು. ಪ್ರತಿ ಶಾಲೆಗೂ ಹುಟ್ಟಿದ ದಿನಾಂಕ ಬರೆದು, "ಯಾವ ತರಗತಿಗೆ ತೆಗೆದುಕೊಳ್ಳುತ್ತೀರಿ?" ಎಂದು ಇಮೇಲ್‌ನಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ.

ಮಗಳಿಗೆ ಎದುರಾಗುವುದು ಭಾಷೆ. ಮೂರೂ ರಾಜ್ಯಗಳಲ್ಲಿ ಶಾಲೆಯಲ್ಲಿ ರಾಜ್ಯಭಾಷೆ ಕಲಿಯಲೇಬೇಕೆಂಬ ಕಾನೂನಿದೆ: ತಮಿಳುನಾಡಿನದು 2006ರದ್ದು, ತೆಲಂಗಾಣದ್ದು 2018ರದ್ದು, ಮಹಾರಾಷ್ಟ್ರದ್ದು 2020ರದ್ದು. ಕೇಂದ್ರ ಪಠ್ಯಕ್ರಮದ ಶಾಲೆ ಸೇರಿದರೆ ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡಿ. ಒಂದನೇ ತರಗತಿಯ ಮಗು ಎಲ್ಲರ ಜೊತೆ ಅಕ್ಷರ ತಿದ್ದುತ್ತದೆ. ಐದನೇ ತರಗತಿಗೆ ಹೋಗುವವಳ ಓರಗೆಯವರು ಆಗಲೇ ಪಾಠ ಓದಿ ಉತ್ತರ ಬರೆಯುತ್ತಿರುತ್ತಾರೆ. ಕನ್ನಡ ಓದಲು ಬರುವ ಮಗುವಿಗೆ ತೆಲುಗು ಲಿಪಿ ಬೇಗ ಹತ್ತುತ್ತದೆ. ಹಿಂದಿ ಅಕ್ಷರ ಗೊತ್ತಿದ್ದರೆ ಮರಾಠಿ ಓದು ಸುಲಭ. ತಮಿಳಿನಲ್ಲಿ ಅಕ್ಷರ ಕಡಿಮೆ, ಆದರೆ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಮೊದಮೊದಲು ಉಚ್ಚಾರ ಎಡವುತ್ತದೆ. ಯಾವುದೇ ಆಗಲಿ, ಹೊರಡುವ ಮೂರು ತಿಂಗಳ ಮುಂಚೆ ದಿನಕ್ಕೆ ಅರ್ಧ ಗಂಟೆ ಅಕ್ಷರಾಭ್ಯಾಸ ಶುರು ಮಾಡಿಸಿ. ಶಾಲೆಯಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: "ಹೊರರಾಜ್ಯದಿಂದ ಬಂದ ಮಕ್ಕಳಿಗೆ ಈ ಭಾಷೆಯ ಪ್ರತ್ಯೇಕ ತರಗತಿ ಇದೆಯೇ, ವಾರಕ್ಕೆ ಎಷ್ಟು?" "ಅಭ್ಯಾಸವಾಗುತ್ತೆ ಬಿಡಿ" ಎಂದರೆ ಇಲ್ಲ ಎಂದೇ ಅರ್ಥ.

ಸಮಯವನ್ನೂ ನೋಡಿ. ಕೇಂದ್ರ ಪಠ್ಯಕ್ರಮದ ಹೆಚ್ಚಿನ ಶಾಲೆಗಳು ಏಪ್ರಿಲ್‌ನಲ್ಲಿ, ರಾಜ್ಯ ಪಠ್ಯಕ್ರಮದವು ಜೂನ್ ಸುಮಾರಿಗೆ ಶುರುವಾಗುತ್ತವೆ. ರಾಜ್ಯದಿಂದ ಕೇಂದ್ರಕ್ಕೆ ಬದಲಾಗುವವರು ಜೂನ್‌ನಲ್ಲಿ ಹೋದರೆ ಆಗಲೇ ಒಂದಷ್ಟು ಪಾಠ ಆಗಿಹೋಗಿರುತ್ತದೆ.

ಪ್ರಶ್ನೆ (ಅವರೇ): ಮುಂದೆ ಮಕ್ಕಳು ಕರ್ನಾಟಕದ ಸಿಇಟಿಗೆ ಅರ್ಹತೆ ಕಳೆದುಕೊಳ್ಳುತ್ತಾರೆಯೇ? ಈಗಲೇ ಯೋಚಿಸಬೇಕೇ?

ಉತ್ತರ (ಶಿಕ್ಷಣ ಆಪ್ತಸಮಾಲೋಚಕರು): ಈಗಲೇ ಯೋಚಿಸಬೇಕು, ಏಕೆಂದರೆ ಲೆಕ್ಕ ಒಂದನೇ ತರಗತಿಯಿಂದಲೇ ಶುರುವಾಗುತ್ತದೆ. ಕರ್ನಾಟಕದ ಮುಖ್ಯ ನಿಯಮದ ಪ್ರಕಾರ 1ರಿಂದ 12ರೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಜೊತೆಗೆ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿಯೇ ಪಾಸಾಗಿರಬೇಕು. ನಿಮ್ಮ ಮಗಳದು ಈಗ 4 ವರ್ಷ ಆಗಿದೆ, ಇನ್ನು 3 ಬೇಕು. ಇನ್ನೊಂದು ದಾರಿಯೂ ಇದೆ: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು 11 ಮತ್ತು 12ನ್ನು ಇಲ್ಲಿ ಓದಿ ಪಾಸಾದರೂ ಅರ್ಹತೆ ಬರುತ್ತದೆ. ಮಗನಿಗೆ ಇದೇ ಉಪಯೋಗಕ್ಕೆ ಬರುವುದು. ಹಾಗಾಗಿ ನಿಮ್ಮಿಬ್ಬರ ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ಹೊರಡುವ ಮುಂಚೆಯೇ ತೆಗೆಸಿಟ್ಟುಕೊಳ್ಳಿ. ದೂರದ ಊರಿನಿಂದ ಹಳೆಯ ಶಾಲೆಯ ದಾಖಲೆ ಹುಡುಕಿಸುವುದು ಬಹಳ ಕಷ್ಟ.

ಹೋಗುವ ರಾಜ್ಯದ ನಿಯಮವನ್ನೂ ಪಕ್ಕದಲ್ಲಿಟ್ಟು ನೋಡಿ. ತಮಿಳುನಾಡಿನಲ್ಲಿ ವೈದ್ಯಕೀಯಕ್ಕೆ 6ರಿಂದ 12ರವರೆಗಿನ ಓದನ್ನು ನೋಡುತ್ತಾರೆ. ತೆಲಂಗಾಣದಲ್ಲಿ ಅರ್ಹತಾ ಪರೀಕ್ಷೆಯ ವರ್ಷವೂ ಸೇರಿ ಸತತ 4 ವರ್ಷ, ಅಂದರೆ 9ರಿಂದ 12. ಮಹಾರಾಷ್ಟ್ರದಲ್ಲಿ ವೈದ್ಯಕೀಯಕ್ಕೆ ಹತ್ತು ಮತ್ತು ಹನ್ನೆರಡು ಎರಡೂ ಅಲ್ಲಿಯೇ ಆಗಿರಬೇಕು, ಮೇಲೆ ವಾಸ ಪ್ರಮಾಣಪತ್ರವೂ ಬೇಕು. ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಟಿಗಳ ಸ್ವರಾಜ್ಯ ಕೋಟಾಕ್ಕೆ (ಆಯಾ ರಾಜ್ಯದವರಿಗೆ ಮೀಸಲಾದ ಸೀಟುಗಳಿಗೆ) ಮಾತ್ರ ಹನ್ನೆರಡನೆಯದನ್ನು ಯಾವ ರಾಜ್ಯದಲ್ಲಿ ಪಾಸಾದಿರಿ ಎಂಬುದೇ ಲೆಕ್ಕ.

ಎಂಟನೇ ತರಗತಿಯ ನಂತರ ರಾಜ್ಯ ಬದಲಿಸಿದರೆ ಪೆಟ್ಟು ಜೋರು. ಎರಡೂ ಕಡೆಯ ಲೆಕ್ಕ ತಪ್ಪಿ, ಮಗು ಯಾವ ರಾಜ್ಯಕ್ಕೂ ಸೇರದಂತೆ ಆಗಬಹುದು. ಸಿಬಿಎಸ್‌ಇಯಲ್ಲಿ 9–10 ಮತ್ತು 11–12 ತಲಾ ಎರಡು ವರ್ಷದ ಜೋಡಿ. 10ಕ್ಕೋ 12ಕ್ಕೋ ನೇರವಾಗಿ ಸೇರಿಸುವುದು ಪೋಷಕರ ವರ್ಗಾವಣೆಯಂಥ ಕಾರಣಕ್ಕೆ, ಮಂಡಳಿಯ ಅನುಮತಿ ಇದ್ದರೆ ಮಾತ್ರ. ಆದ್ದರಿಂದ ವಾಪಸ್ ಬರುವ ಯೋಚನೆ ಇದ್ದವರು ಮಗು ಎಂಟು ಮುಗಿಸುವ ವರ್ಷವನ್ನೇ ಗಡುವಾಗಿಟ್ಟುಕೊಳ್ಳಿ. ನಿಯಮಗಳು ತಿದ್ದುಪಡಿ ಆಗುತ್ತಿರುತ್ತವೆ, ಆಯಾ ವರ್ಷದ ಪ್ರವೇಶ ಕೈಪಿಡಿಯನ್ನೇ ಓದಿ.

ಪ್ರಶ್ನೆ: ನಾವು ಪರಿಶಿಷ್ಟ ಜಾತಿಯವರು. ಪ್ರಮಾಣಪತ್ರ ಅಲ್ಲಿ ನಡೆಯುತ್ತದೆಯೇ?

ಉತ್ತರ (ಶಿಕ್ಷಣ ಆಪ್ತಸಮಾಲೋಚಕರು): ಕೇಂದ್ರ ಸರ್ಕಾರದ ಸಂಸ್ಥೆ, ನೌಕರಿಗಳಿಗೆ ನಡೆಯುತ್ತದೆ. ಹೋದ ರಾಜ್ಯದ ಸ್ವಂತ ಮೀಸಲಾತಿಗೆ ನಡೆಯುವುದಿಲ್ಲ. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಅದೇ ಹೆಸರಿನ ಜಾತಿ ಇದ್ದರೂ ವಲಸೆ ಬಂದವರಿಗೆ ಆ ಸೌಲಭ್ಯ ಇಲ್ಲವೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 1990ರಲ್ಲಿ ಹೇಳಿದೆ. ಮಕ್ಕಳ ಪ್ರಮಾಣಪತ್ರವನ್ನು ಮೂಲ ತಾಲ್ಲೂಕಿನಲ್ಲೇ ಮಾಡಿಸಿಕೊಂಡು ಹೊರಡಿ.

ಪ್ರಶ್ನೆ: ಟಿಸಿ ತೆಗೆದುಕೊಂಡರೆ ಸಾಕಲ್ಲವೇ?

ಉತ್ತರ (ಸ್ಥಳಾಂತರ ಸಲಹೆಗಾರರು): ಸಾಲದು. ದೇಶದ ಶಾಲಾ ಮಕ್ಕಳ ದಾಖಲೆ ಇರುವ ಯುಡೈಸ್ ಪ್ಲಸ್ ಜಾಲದಲ್ಲಿ ಹಳೆಯ ಶಾಲೆ ಮಗುವಿನ ಹೆಸರನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿಗೆ) ಸರಿಸಬೇಕು. ಆಗ ಮಾತ್ರ ಹೊಸ ಶಾಲೆ ಅದನ್ನು ತನ್ನ ಪಟ್ಟಿಗೆ ಎಳೆದುಕೊಳ್ಳಲು ಆಗುತ್ತದೆ. ಈ ಹೆಜ್ಜೆ ಮರೆತುಹೋಗಿ ಮಗು ತಿಂಗಳುಗಟ್ಟಲೆ ಹಳೆಯ ಶಾಲೆಯಲ್ಲೇ ದಾಖಲಾಗಿ ಉಳಿಯುವುದು ತುಂಬಾ ಸಾಮಾನ್ಯ. ಶಾಶ್ವತ ಶಿಕ್ಷಣ ಸಂಖ್ಯೆ, ಅಂದರೆ ಪೆನ್, ಬರೆಸಿಕೊಳ್ಳಿ. ಕರ್ನಾಟಕದ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ಸಂಖ್ಯೆ) ಹೊರರಾಜ್ಯದ ಶಾಲೆಗೆ ಪ್ರಯೋಜನವಿಲ್ಲ. ಟಿಸಿಗೆ ಬಿಇಒ ಮೇಲುರುಜು ಹಾಕಿಸಿ. ಆಧಾರ್, ಜನನ ಪ್ರಮಾಣಪತ್ರ, ಟಿಸಿ ಮೂರರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಥರ ಇರಲಿ. ನಮ್ಮಲ್ಲಿ ಇನಿಷಿಯಲ್ ಬರೆಯುವ ಕಡೆ ಮಹಾರಾಷ್ಟ್ರದ ಅರ್ಜಿಗಳಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಕೇಳುತ್ತಾರೆ. ಟಿಸಿ ಬರುವುದು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಎಂಟನೇ ತರಗತಿವರೆಗೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನೇ ಹೇಳುತ್ತದೆ.

ಪ್ರಶ್ನೆ: ಬಡಾವಣೆ ಆರಿಸುವುದು ಹೇಗೆ? ನೋಡಲು ಎರಡು ದಿನ ಮಾತ್ರ ಸಿಗುತ್ತದೆ.

ಉತ್ತರ (ಸ್ಥಳಾಂತರ ಸಲಹೆಗಾರರು): ಆ ಎರಡು ದಿನ ವಾರದ ನಡುವೆ ಇರಲಿ. ಶನಿವಾರ ಮಧ್ಯಾಹ್ನ ನೋಡಿದ ರಸ್ತೆಯಿಂದ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮನೆಯಿಂದ ಶಾಲೆಗೆ, ಸಂಜೆ ಆರಕ್ಕೆ ಆಫೀಸಿನಿಂದ ಮನೆಗೆ ನೀವೇ ಹೋಗಿ ನೋಡಿ. ಶಾಲಾ ಬಸ್ಸಿನ ಮಾರ್ಗಪಟ್ಟಿ ಕೇಳಿ: ನಿಮ್ಮ ನಿಲ್ದಾಣ ಮೊದಲನೆಯದಾದರೆ ಮಗು ಎಲ್ಲರಿಗಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿ ಕೂರುತ್ತದೆ. ಆರರ ಮಗುವಿಗೆ ಒಂದು ಕಡೆಗೆ 40 ನಿಮಿಷ ದಾಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು, ಮಧ್ಯಾಹ್ನ ಜ್ವರ ಬಂದಿದೆಯೆಂದು ಶಾಲೆಯಿಂದ ಫೋನ್ ಬಂದರೆ ಅರ್ಧ ಗಂಟೆಯಲ್ಲಿ ತಲುಪುವವರು ಯಾರು? ಇಬ್ಬರೂ ದುಡಿಯುವ, ಊರಲ್ಲಿ ನೆಂಟರಿಲ್ಲದ ಮನೆಗೆ ಈ ಪ್ರಶ್ನೆಗೆ ಉತ್ತರ ಇಲ್ಲದ ಬಡಾವಣೆ ಬೇಡವೇ ಬೇಡ. ಪುಣೆಯಲ್ಲಿ ಹಿಂಜವಡಿ ಪಶ್ಚಿಮದಲ್ಲಿದೆ, ಖರಾಡಿ ಪೂರ್ವದಲ್ಲಿ. ಒಂದರಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಎಂದರೆ ದಿನಕ್ಕೆರಡು ಬಾರಿ ಇಡೀ ನಗರ ದಾಟಬೇಕು.

ಚೆನ್ನೈಗೆ ಮಳೆ ಸುರಿಯುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮೇ ತಿಂಗಳಲ್ಲಿ ಮನೆ ನೋಡಿದರೆ ಅದರ ಸುಳಿವೂ ಸಿಗದು. ವೇಳಚ್ಚೇರಿ, ಪಳ್ಳಿಕರಣೈ ಜೌಗಿನ ಸುತ್ತಮುತ್ತ, ಮುಡಿಚ್ಚೂರಿನ ಕಡೆ 2015ರ ನೆರೆಯಲ್ಲಿ ಏನಾಯಿತೆಂದು ಅಕ್ಕಪಕ್ಕದವರನ್ನು ಕೇಳಿ, ಬ್ರೋಕರ್‌ನನ್ನಲ್ಲ. ಕಾಂಪೌಂಡ್ ಗೋಡೆಯಲ್ಲಿ ನೀರು ನಿಂತ ಗೆರೆ, ಕರೆಂಟ್ ಮೀಟರನ್ನು ಎದೆಮಟ್ಟಕ್ಕಿಂತ ಮೇಲೆ ಏರಿಸಿರುವುದು, ನೆಲಮಾಳಿಗೆಯಲ್ಲಿ ಹೊಸ ಪಂಪು ಇವೆಲ್ಲ ಹಳೆಯ ನೆರೆಯ ಗುರುತು. ಹೈದರಾಬಾದ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ ಕೆರೆಗಳ ಕೆಳಗಿನ ಬಡಾವಣೆಗಳು ಮುಳುಗಿದ್ದವು. ಅಲ್ಲಿ ಮನೆ ಕೆರೆಯ ಯಾವ ಬದಿಗಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ನೀರು ಕೊಳವೆಯದೋ, ಬೋರ್‌ವೆಲ್ಲೋ, ಟ್ಯಾಂಕರೋ ಎಂದು ಕೇಳಿ. ಚೆನ್ನೈನ ಹಳೆ ಮಹಾಬಲಿಪುರಂ ರಸ್ತೆಯ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರನ್ನೇ ನಂಬಿವೆ. ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, ಕೈಕೂಸಿರುವ ಮನೆಗೆ ಇದು ಮುಖ್ಯ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಇವೆರಡನ್ನೂ ತೋರಿಸುವುದಿಲ್ಲ.

ಪ್ರಶ್ನೆ: ನಮಗೆ ನೋಯ್ಡಾಕ್ಕೆ ವರ್ಗ. ಮೂರು ವರ್ಷದ ಮಗುವಿಗೆ ಆಗಾಗ ಉಬ್ಬಸ ಬರುತ್ತದೆ. ಹೋಗಬಹುದೇ?

ಉತ್ತರ (ಮಕ್ಕಳ ವೈದ್ಯರು): ಹೋಗಲೇಬಾರದು ಎನ್ನುವುದಿಲ್ಲ, ಆದರೆ ಸಾಧ್ಯವಾದರೆ ಅಕ್ಟೋಬರ್‌ನಿಂದ ಜನವರಿಯೊಳಗೆ ಹೋಗಬೇಡಿ. ಗಾಳಿ ತೀರಾ ಕೆಡುವುದು ಆಗಲೇ. ಫೆಬ್ರವರಿಯಲ್ಲೇ ಹೋದರೆ ಹೊಸ ವೈದ್ಯರನ್ನು ಗೊತ್ತುಮಾಡಿಕೊಂಡು, ಔಷಧಿ ಕ್ರಮ ಕೂರಿಸಿಕೊಳ್ಳಲು ಎಂಟು ತಿಂಗಳು ಸಿಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಹತ್ತಿರದ ಮಾಪನ ಕೇಂದ್ರ ನೋಡಿ. ಸೂಚ್ಯಂಕ 200 ದಾಟಿದರೆ "ಕಳಪೆ", 300 ದಾಟಿದರೆ "ಅತಿ ಕಳಪೆ", 400 ದಾಟಿದರೆ "ತೀವ್ರ". ಉಬ್ಬಸದ ಮಗುವನ್ನು 200 ದಾಟಿದ ದಿನವೇ ಹೊರಗೆ ಓಡಾಡಿಸಿ ಆಡಿಸಬೇಡಿ. ಹೆದ್ದಾರಿಗೆ, ಕಟ್ಟಡ ಕಾಮಗಾರಿಗೆ ಅಂಟಿಕೊಂಡ ಮನೆ ಬೇಡ. ಮಲಗುವ ಕೋಣೆಗೆ ಹೆಪಾ ಫಿಲ್ಟರ್ (ಸೂಕ್ಷ್ಮ ಧೂಳು ಹಿಡಿಯುವ ಸೋಸುಕ) ಇರುವ ಗಾಳಿ ಶುದ್ಧೀಕರಣ ಯಂತ್ರ ಕೆಲಸ ಮಾಡುತ್ತದೆ, ಆದರೆ ಕೋಣೆಯ ಅಳತೆಗೆ ತಕ್ಕದ್ದಿರಬೇಕು, ಕಿಟಕಿ ಮುಚ್ಚಿರಬೇಕು.

ಈಗಿನ ವೈದ್ಯರಿಂದ ಇನ್‌ಹೇಲರ್ ಹೆಸರು, ಪ್ರಮಾಣ, ಹಿಂದೆ ಯಾವಾಗ ಆಸ್ಪತ್ರೆ ಸೇರಿಸಿದ್ದು ಎಂಬುದನ್ನು ಬರೆಸಿಕೊಳ್ಳಿ. ತಡೆಗಟ್ಟುವ ಇನ್‌ಹೇಲರನ್ನು ಸ್ಥಳ ಬದಲಾವಣೆಯ ಗಡಿಬಿಡಿಯಲ್ಲಿ ನಿಲ್ಲಿಸಿಬಿಡುವುದೇ ಹೆಚ್ಚಾಗಿ ಆಗುವ ತಪ್ಪು.

ಲಸಿಕೆಯ ಬಗ್ಗೆ ಎಲ್ಲರಿಗೂ ಒಂದು ಮಾತು: ರಾಷ್ಟ್ರೀಯ ವೇಳಾಪಟ್ಟಿ ಎಲ್ಲ ಕಡೆ ಒಂದೇ, ಆದರೆ ಜಪಾನೀಸ್ ಎನ್ಸೆಫಲೈಟಿಸ್ (ಸೊಳ್ಳೆಯಿಂದ ಹರಡುವ ಮಿದುಳು ಜ್ವರ) ಲಸಿಕೆ ಆ ರೋಗ ಇರುವ ಜಿಲ್ಲೆಗಳಲ್ಲಿ ಮಾತ್ರ. ಅಂಥ ಜಿಲ್ಲೆಗೆ ಹೋಗುತ್ತಿದ್ದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೇಳಿ ಹಾಕಿಸಿ. ತಾಯಿ ಕಾರ್ಡನ್ನು ಲಾರಿಯ ಸಾಮಾನಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ: ಕಾರನ್ನು ತೆಗೆದುಕೊಂಡು ಹೋಗುವುದೋ, ಮಾರುವುದೋ?

ಉತ್ತರ (ಸಾರಿಗೆ ದಾಖಲೆ ಸಲಹೆಗಾರರು): ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಲೇಬೇಕು. ಮೊದಲು ಇಲ್ಲಿಯ ಆರ್‌ಟಿಒದಿಂದ ನಮೂನೆ 28ರಲ್ಲಿ ನಿರಾಕ್ಷೇಪಣೆ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅಲ್ಲಿ ನಮೂನೆ 27 ಕೊಟ್ಟು ರಸ್ತೆ ತೆರಿಗೆ ಕಟ್ಟಿ, ಹೊಸ ಸಂಖ್ಯೆ ಬಂದ ಮೇಲೆ ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬೇಕು. ಹಣ ಬರುವುದು ನಿಧಾನ, ಹೊಸ ತೆರಿಗೆ ಮಾತ್ರ ಮೊದಲೇ ಕಟ್ಟಬೇಕು. ಸರ್ಕಾರಿ ನೌಕರರು ಮತ್ತು ನಾಲ್ಕಕ್ಕಿಂತ ಕಡಿಮೆಯಿಲ್ಲದ ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು 2021ರಿಂದ ಇರುವ ಬಿಎಚ್ ಸರಣಿ (ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಸಂಖ್ಯೆ) ಪಡೆಯಬಹುದು; ಪದೇ ಪದೇ ವರ್ಗವಾಗುವವರಿಗೆ ಅದೇ ಸರಿ. ಎರಡು ವರ್ಷದೊಳಗೆ ವಾಪಸ್ ಬರುವ ಸಾಧ್ಯತೆ ಇರುವವರಿಗೆ ಹಳೆಯ ಕಾರನ್ನು ಇಲ್ಲೇ ಮಾರಿ ಹೋಗುವುದು ಲೇಸು.

ಪ್ರಶ್ನೆ: ಹೋದ ಕೂಡಲೇ ಮನೆ ಖರೀದಿಸಿದರೆ ಬಾಡಿಗೆ ಉಳಿಯುವುದಿಲ್ಲವೇ?

ಉತ್ತರ (ಸ್ಥಳಾಂತರ ಸಲಹೆಗಾರರು): ಒಂದು ಪೂರ್ತಿ ಶಾಲಾ ವರ್ಷ, ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವ ತನಕ ಖರೀದಿ ಬೇಡ. ಶಾಲೆ ಒಗ್ಗದಿದ್ದರೆ ಬಾಡಿಗೆ ಮನೆಯಿಂದ ಎದ್ದು ಹೋಗಬಹುದು. ಬಾಡಿಗೆ ಕರಾರಿನಲ್ಲಿ ಕಡ್ಡಾಯ ವಾಸದ ಅವಧಿ ಆರು ತಿಂಗಳಿಗಿಂತ ಹೆಚ್ಚಿರದಂತೆ ಮಾತಾಡಿ. ಮಹಾರಾಷ್ಟ್ರದಲ್ಲಿ 11 ತಿಂಗಳ ಕರಾರೂ ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕರದ್ದು. ತಮಿಳುನಾಡಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ನೋಂದಣಿಯಾದ ಕರಾರು ಕೈಯಲ್ಲಿದ್ದರೆ ಶಾಲೆ, ಆಧಾರ್, ಗ್ಯಾಸ್ ಎಲ್ಲಕ್ಕೂ ಅದೇ ವಿಳಾಸದ ದಾಖಲೆ. ಮತದಾರರ ಪಟ್ಟಿಗೆ ನಮೂನೆ 8. ಪಡಿತರ ಚೀಟಿಯನ್ನು ರದ್ದು ಮಾಡಿಸಬೇಕಿಲ್ಲ, ಆಹಾರ ಭದ್ರತಾ ಕಾಯ್ದೆಯ ಚೀಟಿಗೆ ಯಾವ ರಾಜ್ಯದಲ್ಲಾದರೂ ಧಾನ್ಯ ಸಿಗುತ್ತದೆ.